ಹನ್ನೆರಡು ದಾಟಿದರೆ

"ಇದನ್ನ ಇಟ್ಕೊಂಡು ಇನ್ನೇನು ಉಪ್ಪಿನಕಾಯಿ ಹಾಕ್ತೀಯಾ ಅಕ್ಕ?" ಎಂದು ತಮ್ಮ ಕೇಳುವಾಗ ಮೆಕ್ಯಾನಿಕ್ಕು ಹಳೆ ಕಾರಿನ ಬಾನೆಟ್ಟಿನೊಳಗೆ ತಲೆ ತೂರಿಸಿ, ಒಂದು ಲೀಟರ್ ಪೆಟ್ರೋಲ್ ತುಂಬಿದ ಬಾಟಲಿಯನ್ನು ತಂತಿಯಿಂದ ಬಿಗಿಯುತ್ತಿದ್ದ. ಟ್ಯಾಂಕಿನ ಪೈಪು ಕಳಚಿ ಬಾಟಲಿಗೆ ಸಿಕ್ಕಿಸಿದ್ದಾಗಿತ್ತು. ಎಂಜಿನ್ನು ಇನ್ನು ಕುಡಿದರೆ ಅದರಿಂದಲೇ ಕುಡಿಯಬೇಕು, ಅದು ಖಾಲಿಯಾದಲ್ಲಿ ಗಾಡಿ ನಿಲ್ಲಬೇಕು. ಸ್ಕ್ರೂಡ್ರೈವರಿನ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಹಚ್ಚಿ ರೋಗ ಹೇಳುವ ಈತನನ್ನು ಎಲ್ಲರೂ ಕರೆಯುತ್ತಿದ್ದದ್ದು 'ಡಾಕ್ಟರು' ಎಂದೇ.

"ಲೀಟರಿಗೆ ಹನ್ನೊಂದು ಕಿಲೋಮೀಟರು ಕೊಡೋ ಗಾಡಿ ಇದು. ನಾಲ್ಕು ಗಂಟೆಗೆ ಪಾರ್ಟಿ ಬರ್ತಾನೆ, ಕೊಟ್ಟು ಕೈ ತೊಳ್ಕೊಳ್ಳೋಣ."

ಕಾರು ಅಪ್ಪ ಇಬ್ಬರಿಗೂ ಸೇರಿಸಿ ಬಿಟ್ಟುಹೋದದ್ದು. ತಮ್ಮ ಅದರಲ್ಲಿ ಊರೂರು ಸುತ್ತಿ ಪಂಪುಗಳನ್ನು ಮಾರುತ್ತಿದ್ದ. ಟೈಲರ್ ಅಂಗಡಿಯ ಅಕ್ಕ ಶನಿವಾರ ಶನಿವಾರ ಪಕ್ಕದ ಊರಿನ ಆಸ್ಪತ್ರೆಗೆ ನರ್ಸ್‌ಗಳ ಯೂನಿಫಾರ್ಮ್ ನಲವತ್ತು ಜೊತೆ ಒಯ್ಯುತ್ತಿದ್ದಳು. ಹದಿನೆಂಟು ಕಿಲೋಮೀಟರು ದೂರ, ಅಷ್ಟು ದೊಡ್ಡ ಗಂಟುಗಳನ್ನು ಬಸ್ಸಿನವರು ಹತ್ತಿಸಿಕೊಳ್ಳುವುದಿಲ್ಲ. ಕಾರು ಹೋದರೆ ಆ ಆರ್ಡರೂ ಹೋಯಿತು, ಅದನ್ನೇ ನಂಬಿ ಹೊಲಿಯುವ ಇಬ್ಬರು ಹೆಂಗಸರ ಕೆಲಸವೂ ಹೋಯಿತು. ಇದನ್ನು ಮೂರು ಸಲ ಹೇಳಿದ್ದಳು. ತಮ್ಮನಿಗೆ ಅದು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬಿದ್ದಿತ್ತು.

"ಗಾಡಿ ಚೆನ್ನಾಗೇ ಇದೆ ಕಣೋ. ನೀನು ಓಡಿಸೋದು ಚೆನ್ನಾಗಿಲ್ಲ."

"ಎತ್ತಿನ ಗಾಡಿ ಥರ ಓಡಿಸೋಳು ನನಗೆ ಪಾಠ ಹೇಳ್ತಾಳೆ! ನೋಡು, ಇದೇ ಬಾಟಲೀಲಿ ಹನ್ನೆರಡು ದಾಟಿಸು, ಗಾಡಿ ನಿಂದೇ. ಎಲ್ಲಿ ನಿಲ್ಲುತ್ತೋ ಅಲ್ಲಿಂದ ಆಸ್ಪತ್ರೆವರೆಗೂ ನಾನೇ ತಳ್ಕೊಂಡು ಹೋಗ್ತೀನಿ."

"ಡಾಕ್ಟರೇ, ಕೇಳಿಸ್ತಲ್ಲ?"

"ಕಿವಿಯಿಂದಲೇ ಅಲ್ವೇನಮ್ಮ ನನ್ನ ಅನ್ನ," ಎಂದ ಡಾಕ್ಟರು ಬಾನೆಟ್ ಮುಚ್ಚಿದ.

ಮೊದಲ ಸರದಿ ತಮ್ಮನದು. ಹಿಂದೆ, ಆ ಶನಿವಾರದ ಯೂನಿಫಾರ್ಮಿನ ಗಂಟುಗಳ ನಡುವೆ ಡಾಕ್ಟರು, ಮುಂದೆ ಅಕ್ಕ. ತಮ್ಮ ಗಾಜು ಇಳಿಸಿ, ಮೊಣಕೈ ಹೊರಗಿಟ್ಟು, ಹೈವೇ ಸಿಕ್ಕಿದ್ದೇ ತಡ ಮುಳ್ಳನ್ನು ನೂರಿಪ್ಪತ್ತಕ್ಕೆ ಏರಿಸಿದ. ಲಾರಿಯ ಬೆನ್ನಿಗೆ ಹೋಗಿ ಗಕ್ಕನೆ ಬ್ರೇಕು, ಜಾಗ ಸಿಕ್ಕೊಡನೆ ಮತ್ತೆ ತುಳಿತ. ಅಕ್ಕ ಸೀಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಹನ್ನೊಂದು ಕಿಲೋಮೀಟರು ಇನ್ನೂರು ಮೀಟರಿಗೆ ಎಂಜಿನ್ನು ಎರಡು ಸಲ ಕೆಮ್ಮಿ ಸುಮ್ಮನಾಯಿತು. "ನಾನು ಹೇಳಲಿಲ್ವಾ?" ಎಂದು ತಮ್ಮ ಗೆದ್ದವನಂತೆ ನಕ್ಕ. ಡಾಕ್ಟರು ಇಳಿದು, ರಸ್ತೆಯಂಚಿನ ಕಂಬಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಜೊತೆಗೆ ತಂದಿದ್ದ ಕ್ಯಾನಿನ ಪೆಟ್ರೋಲ್ ಹಾಕಿಕೊಂಡು ಗ್ಯಾರೇಜಿಗೆ ವಾಪಸು ಬಂದರು. ಬಾಟಲಿ ಮತ್ತೆ ಕುತ್ತಿಗೆಯವರೆಗೆ ತುಂಬಿತು.

ಈಗ ಅಕ್ಕ ಕೂತಳು. ಮೊದಲು ಚಪ್ಪಲಿ ಬಿಟ್ಟಳು. ಆಮೇಲೆ, "ಗಾಜು ಏರಿಸೋ," ಎಂದಳು.

"ಸೆಕೆ ಅಕ್ಕ!"

"ಬೆವರು. ಸಾಯಲ್ಲ."

ಇಪ್ಪತ್ತು ವರ್ಷ ಹೊಲಿಗೆ ಮೆಷಿನ್ನಿನ ಪೆಡಲ್ ಮೇಲೆ ಪಳಗಿದ ಕಾಲು ಅದು. ಅಲ್ಲಿ ಒಮ್ಮೆಲೇ ಒತ್ತಿದರೆ ದಾರ ಪಟ್ಟೆಂದು ಹರಿಯುತ್ತದೆ, ಒತ್ತು ಹೆಚ್ಚುಕಮ್ಮಿಯಾದರೆ ಹೊಲಿಗೆ ಸೊಟ್ಟಗಾಗುತ್ತದೆ. ಮುಳ್ಳು ಎಪ್ಪತ್ತಕ್ಕೆ ಬಂತು, ಅಲ್ಲೇ ಕೂತುಬಿಟ್ಟಿತು. ದೂರದಲ್ಲಿ ಲಾರಿ ಕಂಡೊಡನೆ ಕಾಲೆತ್ತುವಳು, ಬ್ರೇಕು ಮುಟ್ಟುವ ಪ್ರಸಂಗವೇ ಬರದು. ಬಸ್ಸುಗಳು ಹಾರ್ನ್ ಬಾರಿಸುತ್ತ ದಾಟಿಹೋದವು. ಕೊನೆಗೆ ಒಂದು ಹಾಲಿನ ವ್ಯಾನೂ ದಾಟಿತು.

"ಹಾಲಿನವನೂ ಹೋದ! ನಾನಾಗಿದ್ರೆ ಇಷ್ಟೊತ್ತಿಗೆ ತಲುಪಿಬಿಡ್ತಿದ್ದೆ."

"ಎಲ್ಲಿ ತಲುಪಿದ್ಯೋ? ಅರ್ಧ ದಾರೀಲೇ ಕೂತಿದ್ಯಲ್ಲ."

ಹಿಂದಿನಿಂದ ಡಾಕ್ಟರು, "ಗಾಳಿ ಎದುರಿಗೆ ಕೈ ಅಡ್ಡ ಹಿಡಿದು ನಿಂತಿರುತ್ತೆ ಸ್ವಾಮಿ. ನೀವು ಜೋರು ಮಾಡಿದಷ್ಟೂ ಅದು ನಿಮಗಿಂತ ಜೋರು ಮಾಡುತ್ತೆ. ನಿಮ್ಮ ಪೆಟ್ರೋಲೆಲ್ಲ ಅದರ ಜೊತೆ ಕುಸ್ತಿಗೇ ಖರ್ಚು," ಎಂದ.

ಸೀಮೆಸುಣ್ಣದ ಗೆರೆ ಹತ್ತಿರವಾಯಿತು. ಅಕ್ಕನ ಕಾಲು ಅಲುಗಲಿಲ್ಲ. ಕಂಬ ಬಂತು, ಪಕ್ಕಕ್ಕೆ ಸರಿಯಿತು, ಹಿಂದಾಯಿತು. ಎಂಜಿನ್ನು ಕೆಮ್ಮಲಿಲ್ಲ. ಹನ್ನೆರಡು. ಅಕ್ಕ ಹಾರ್ನನ್ನು ಒಂದು ಸಲ ಉದ್ದಕ್ಕೆ ಒತ್ತಿದಳು. ಎದುರಿಗೆ ನರಪಿಳ್ಳೆಯೂ ಇರಲಿಲ್ಲ, ಆ ಹಾರ್ನು ಬರೀ ಖುಷಿಗೆ. ಹದಿಮೂರು, ಹದಿನಾಲ್ಕು. ತಮ್ಮ ಮೀಟರಿನ ಕಡೆಗೆ ಬಗ್ಗಿದ. ಹದಿನಾರಕ್ಕೆ ಮೀಟರಿನ ಗಾಜನ್ನು ಬೆರಳಿಂದ ಒರೆಸಿ ಮತ್ತೆ ನೋಡಿದ. ಹದಿನೇಳು ದಾಟಿ, ಆಸ್ಪತ್ರೆಯ ನೀರಿನ ಟ್ಯಾಂಕು ಕಾಣುತ್ತಿರುವಾಗ, ಎಂಜಿನ್ನು ಕೆಮ್ಮಿತು. ಅಕ್ಕ ಗಾಡಿಯನ್ನು ಉರುಳಿದಷ್ಟು ದೂರ ಉರುಳಲು ಬಿಟ್ಟು ಬದಿಗೆ ನಿಲ್ಲಿಸಿದಳು.

"ಹದಿನೇಳು ಮುಕ್ಕಾಲು," ಎಂದ ಡಾಕ್ಟರು. ಅವನ ದನಿಯಲ್ಲಿ ಮಗು ಹುಟ್ಟಿದ ಸುದ್ದಿ ಹೇಳುವ ಸಂಭ್ರಮವಿತ್ತು. ಅವನು ಕ್ಯಾನಿಗೆ ಕೈ ಹಾಕಿದಾಗ ಅಕ್ಕ ತಡೆದಳು.

"ಇರಲಿ ಡಾಕ್ಟರೇ. ನಮ್ಮ ತಮ್ಮ ಮಾತಿಗೆ ತಪ್ಪೋನಲ್ಲ."

ತಮ್ಮ ಒಮ್ಮೆ ಅಕ್ಕನ ಮುಖ ನೋಡಿದ, ಒಮ್ಮೆ ನೀರಿನ ಟ್ಯಾಂಕು ನೋಡಿದ. ಅಂಗಿಯ ತೋಳು ಮಡಿಸಿಕೊಂಡು ಇಳಿದು ಕಾರಿನ ಹಿಂದಕ್ಕೆ ಹೋದ. ಗಾಡಿ ಮೆಲ್ಲಗೆ ಕದಲಿತು. ಅರ್ಧ ದಾರಿಯಲ್ಲಿ ಅವನ ಜೇಬಿನ ಫೋನು ಹೊಡೆದುಕೊಂಡಿತು. ಕೊಳ್ಳುವ ಪಾರ್ಟಿ. "ಇಲ್ಲ... ಮಾರಲ್ಲ... ಹದಿನೇಳು ಮುಕ್ಕಾಲು ಕೊಡುತ್ತೆ ರೀ, ಯಾರಾದ್ರೂ ಮಾರ್ತಾರಾ?" ಎಂದು ಏದುಸಿರಲ್ಲೇ ಗದರಿ, ಫೋನು ಜೇಬಿಗೆ ತುರುಕಿ, ಆ ಹುರುಪಿನಲ್ಲೇ ಗಾಡಿಯನ್ನು ಜೋರಾಗಿ ನೂಕಿದ.

ಅಕ್ಕ ಕಿಟಕಿಯಿಂದ ತಲೆ ಹೊರಹಾಕಿದಳು.

"ನಿಧಾನ ಕಣೋ, ಒಂದೇ ಸಮ ತಳ್ಳು! ಹೀಗೆ ನುಗ್ಗಿದ್ರೆ ಆಸ್ಪತ್ರೆ ಗೇಟಿಗೆ ಮುಂಚೆ ನೀನೇ ಖಾಲಿ."