ಬೀಸುವ ಕಲ್ಲಿನ ಪಾಲು

ವೆಂಕಟರಾಮಪ್ಪ ಜಗಲಿ ಹತ್ತಿದವನೇ ಬೀಸುವ ಕಲ್ಲಿನ ಮೇಲ್ಗಲ್ಲಿಗೆ ಕೈ ಹಾಕಿದ. ಮೊರದ ತುಂಬ ರಾಗಿ ಹಿಡಿದು ಆಗಷ್ಟೇ ಹೊರಗೆ ಬಂದ ನರಸಮ್ಮನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಪಕ್ಕದ ಮನೆಯವನು, ದಿನಾ ನೋಡುವ ಮುಖ. ಎರಡು ಮನೆಗೂ ಜಗಲಿ ಒಂದೇ, ಕಲ್ಲೂ ಒಂದೇ.

"ಮೊನ್ನೆ ತಾನೆ ಕಚ್ಚು ಹೊಡೆಸಿ ಹರಿತ ಮಾಡಿಸಿದ್ದೀವಲ್ಲಣ್ಣ, ಯಾಕೆ ಎತ್ತೀಯ?" ಎಂದಳು.

"ಕಚ್ಚು ಹೊಡ್ಸೋಕಲ್ಲಮ್ಮ. ಈ ಮ್ಯಾಗಳ ಕಲ್ಲನ್ನ ಕೃಷ್ಣಗಿರಿಯಿಂದ ಗಾಡಿ ಮ್ಯಾಲೆ ಹಾಕ್ಕಂಡು ತಂದೋನು ನಮ್ಮಪ್ಪ. ನಮ್ದು ನಮಗೆ ಬೇಕು." ಅವನು ಅವಳ ಮುಖ ನೋಡಲಿಲ್ಲ. "ಬೇಕಾದ್ರೆ ನಿನ್ ಗಂಡನ್ನೇ ಕೇಳು."

ಗಂಡ ಬಚ್ಚಪ್ಪ ಹೊಸ್ತಿಲಲ್ಲಿ ಕೈಕಟ್ಟಿ ನಿಂತಿದ್ದ. ಸ್ವಾತಂತ್ರ್ಯ ಬಂದು ವರ್ಷ ತುಂಬಿತ್ತು. ಭಾಷೆಗೊಂದು ಪ್ರಾಂತ್ಯ ಮಾಡಬೇಕೇ ಬೇಡವೇ ಎಂದು ವಿಚಾರಿಸಲು ಕಮಿಷನ್ನಿನವರು ಮದ್ರಾಸಿಗೆ ಬರುತ್ತಾರೆಂಬ ಸುದ್ದಿ ಹಬ್ಬಿದ್ದೇ, ಹೊಸೂರು ಸೀಮೆಯಲ್ಲಿ ಅರ್ಜಿಗಳ ಸುಗ್ಗಿ. ನಮ್ಮನ್ನು ಮೈಸೂರಿಗೆ ಸೇರಿಸಿ ಎಂಬ ಅರ್ಜಿಗೆ ಬಚ್ಚಪ್ಪ ರುಜು ಹಾಕಿದ್ದ. ಮುಂದೆ ಆಗಲಿರುವ ಆಂಧ್ರಕ್ಕೆ ಸೇರಿಸಿ ಎಂಬುದಕ್ಕೆ ತೆಲುಗು ಮನೆಮಾತಿನ ವೆಂಕಟರಾಮಪ್ಪ. ಇದ್ದಲ್ಲೇ, ಮದ್ರಾಸಿನಲ್ಲೇ ಇರಲಿ ಎನ್ನುವ ತಮಿಳಿನವರ ಅರ್ಜಿ ಬೇರೆ ಓಡಾಡುತ್ತಿತ್ತು. ನಿನ್ನೆ ಮತ್ತಿಗಿರಿಯ ಅಂಗಡಿ ಬೀದಿಯಲ್ಲಿ ಇಬ್ಬರೂ ಜುಟ್ಟು ಜುಟ್ಟು ಹಿಡಿದುಕೊಂಡಿದ್ದರು. ದೇಶ ಹಂಚಲು ಹೊರಟ ಗಂಡಸರು ಮೊದಲು ಹಂಚುವುದು ಹೆಂಗಸರ ಸಾಮಾನನ್ನೇ.

"ಒಯ್ಕಳ್ಲಿ ಬುಡು," ಎಂದ ಬಚ್ಚಪ್ಪ. "ಮ್ಯಾಗಳ ಕಲ್ಲು ಅವರ್ದು, ಕೆಳಗಳ ಕಲ್ಲು ನಮ್ದು. ನ್ಯಾಯವಾಗೇ ಐತೆ."

"ಬರೀ ಕೆಳಗಳ ಕಲ್ಲಾಗೆ ನಾನೇನು ಬೀಸ್ಲಿ?"

"ಮೈಸೂರಿಗೆ ಸೇರ್ಲಿ ತಡಿ, ಹೊಸಾದೇ ತಂದಾಕ್ತೀನಿ."

"ಅಲ್ಲೀಗಂಟ ಮುದ್ದೆ ಬದ್ಲು ಅರ್ಜಿ ತಿಂತೀಯಾ?"

ಬಚ್ಚಪ್ಪ ಬೆನ್ನು ತಿರುಗಿಸಿ ಒಳಗೆ ಹೋದ.

ನಿಜಕ್ಕೂ ನರಸಮ್ಮನಿಗೆ ಮುದ್ದೆಯ ಚಿಂತೆಯಲ್ಲ. ಡೆಂಕಣಿಕೋಟೆ ಕಡೆಯಿಂದ ಈ ಮನೆಗೆ ಬಂದು ಹನ್ನೆರಡು ವರ್ಷ. ಊರಿಗೆಲ್ಲ ಭಾಷಣ ಬಿಗಿಯುವ ಗಂಡ ಮನೆಯಲ್ಲಿ ಆಡುವುದು ಎರಡೇ ಮಾತು, "ಇಕ್ಕು", "ಸಾಕು". ಅವಳು ಬಾಯಿಬಿಟ್ಟು ಮಾತಾಡಿದ್ದೆಲ್ಲ ಈ ಕಲ್ಲಿನ ಮುಂದೆ, ವೆಂಕಟರಾಮಪ್ಪನ ಹೆಂಡತಿ ರಾಮಕ್ಕನ ಜೊತೆ. ಇಬ್ಬರೂ ಎದುರುಬದುರು ಕೂತು ಒಂದೇ ಗೂಟ ಹಿಡಿಯುವರು. ಒಂದು ದಿನ ಆ ಮನೆಯ ರಾಗಿ, ಒಂದು ದಿನ ಈ ಮನೆಯದು. ಇವಳು ಕನ್ನಡದಲ್ಲಿ ಅತ್ತರೆ ಅವಳು ತೆಲುಗಿನಲ್ಲಿ ಸಮಾಧಾನ ಹೇಳುವಳು. ಎರಡು ಸಲ ಬಸಿರು ನಿಲ್ಲದೆ ಹೋದಾಗಲೂ ನರಸಮ್ಮ ಮೊದಲು ಹೇಳಿದ್ದು ಗಂಡನಿಗಲ್ಲ, ಇಲ್ಲಿ ಕೂತು, ರಾಮಕ್ಕನಿಗೆ.

ರಾಮಕ್ಕ ತನ್ನ ಬಾಗಿಲಲ್ಲೇ ನಿಂತಿದ್ದಳು, ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು. ಗಂಡ ಕಲ್ಲನ್ನು ಹೆಗಲಿಗೇರಿಸಿದಾಗ ಕೆಳಗಿನ ಕಲ್ಲಿನ ಮೇಲೆ ಉಳಿದಿದ್ದ ನಿನ್ನೆಯ ಹಿಟ್ಟು ಕಾಣಿಸಿತು.

"ಪಿಂಡಿ ಎತ್ತುಕೋ ಅಕ್ಕಾ," ಎಂದಳು ರಾಮಕ್ಕ ಮೆಲ್ಲಗೆ, ತೆಲುಗಿನಲ್ಲಿ, ಆ ಹಿಟ್ಟಿನತ್ತ ಕೈ ತೋರಿಸಿ.

ಗಂಡ ಒಮ್ಮೆ ತಿರುಗಿ ನೋಡಿದ. ರಾಮಕ್ಕ ಒಳಗೆ ಸರಿದಳು, ಅವನೂ ಹೋದ, ಬಾಗಿಲು ಮುಚ್ಚಿತು.

"ನಿನ್ನೆ ಬೀಸಿದ್ದು ನಿಮ್ ರಾಗಿ ಕಣೇ ರಾಮಕ್ಕ. ಹಿಟ್ಟು ನಿಮ್ದು, ಬಂದು ಬಳ್ಕಂಡೋಗೇ," ಎಂದಳು ನರಸಮ್ಮ, ಮುಚ್ಚಿದ ಬಾಗಿಲಿಗೆ. ಸ್ವಲ್ಪ ಹೊತ್ತು ಕಾದಳು. ಯಾರೂ ಬರಲಿಲ್ಲ. ಆ ಹಿಟ್ಟನ್ನು ಮುಟ್ಟಲು ಅವಳಿಗೂ ಮನಸ್ಸು ಬರಲಿಲ್ಲ.

ಮಾರನೆಯ ದಿನ ಕೋಳಿ ಕೂಗುವ ಹೊತ್ತಿಗೆ ರೂಢಿಯಂತೆ ಎಚ್ಚರವಾಯಿತು. ರೂಢಿಯಂತೆಯೇ ಮೊರ ಹಿಡಿದು ಬಂದು ಕಲ್ಲಿನ ಮುಂದೆ ಕೂತಳು. ಕೂತ ಮೇಲೆ ನೆನಪಾಯಿತು. ಎದುರಿನ ಮಣೆ ಖಾಲಿ. ಕೆಳಗಿನ ಕಲ್ಲಿನ ನಡುಗೂಟವೊಂದೇ ಮೋಟಾಗಿ ನಿಂತಿತ್ತು.

ಆಗ ಗೋಡೆಯಾಚೆ ಕಲ್ಲು ತಿರುಗುವ ಸದ್ದು ಕೇಳಿಸಿತು. ಆಗಲೇ ಬೇರೊಂದು ಕೆಳಗಿನ ಕಲ್ಲನ್ನೂ ತಂದುಬಿಟ್ಟರೇ? ರಾಮಕ್ಕನ ಎದುರಿಗೆ ಇನ್ಯಾರನ್ನೋ ಕೂರಿಸಿಬಿಟ್ಟರೇ? ನರಸಮ್ಮ ಹೊಟ್ಟೆಕಿಚ್ಚಿನಿಂದ ಗೋಡೆಗೆ ಕಿವಿಯಿಟ್ಟು ಕೇಳಿದಳು.

ಕಲ್ಲಿಗೆ ಕಲ್ಲು ಉಜ್ಜುವ ಸದ್ದಲ್ಲ ಅದು, ನೆಲ ಕೆರೆಯುವ ಸದ್ದು. ರಾಮಕ್ಕ ಮೇಲ್ಗಲ್ಲನ್ನು ಬರೀ ಮಣ್ಣಿನ ನೆಲದ ಮೇಲಿಟ್ಟು, ಒಬ್ಬಳೇ ತಿರುಗಿಸುತ್ತಿದ್ದಳು.

ನರಸಮ್ಮ ಮತ್ತೆ ಬಂದು ತನ್ನ ಜಾಗದಲ್ಲಿ ಕೂತಳು. ಮೊರದಿಂದ ಒಂದು ಹಿಡಿ ರಾಗಿ ತೆಗೆದು, ಆಚೆಯ ಸದ್ದಿಗೆ ಸರಿಯಾಗಿ, ಇಲ್ಲದ ಕಲ್ಲಿನ ಬಾಯಿಗೆ ಹಾಕಿದಳು.