ಮುಂದಿನ ಸಾಲಿನ ತಾಳ

ಬಸ್ಸು ಮಲವಗೊಪ್ಪ ತಲುಪುವ ಹೊತ್ತಿಗೆ ಹಾಲಮ್ಮ ಕಿಸಕ್ಕನೆ ನಕ್ಕಳು. ಅವಳ ಕೈಯಲ್ಲಿ ಶಿವಯೋಗಿಯವರ ಆತ್ಮಕಥೆ ಇತ್ತು. ಹಾಡುಗಳನ್ನು ತಾವೇ ಬರೆದು ತಾವೇ ಹಾಡುವ ಗಾಯಕರು ಅವರು. ಪಕ್ಕದಲ್ಲಿ ಗಂಡ ಬೀರಪ್ಪ ಭಾಷಣ ಬಾಯಿಪಾಠ ಮಾಡುತ್ತಿದ್ದ. ಸಂಜೆ ಶಿವಮೊಗ್ಗದಲ್ಲಿ ಆ ಪುಸ್ತಕದ ಕಾರ್ಯಕ್ರಮ. ‘ಅಭಿಮಾನಿಯ ಮೆಚ್ಚುಗೆ’ ಎಂದು ಐದು ನಿಮಿಷ ಬೀರಪ್ಪನದು. ಸಂಘಟಕರನ್ನು ಕಾಡಿ ಬೇಡಿ ಗಿಟ್ಟಿಸಿಕೊಂಡದ್ದು.

ಪುಸ್ತಕ ಮನೆಗೆ ಬಂದು ವಾರವಾಗಿತ್ತು. ಬೀರಪ್ಪ ಅದಕ್ಕೆ ಕುಂಕುಮವಿಟ್ಟು ದೇವರ ಗೂಡಿನಲ್ಲಿ ಇಟ್ಟಿದ್ದನೇ ಹೊರತು ತೆರೆದಿರಲಿಲ್ಲ. ಮೂವತ್ತು ವರ್ಷದಿಂದ ಶಿವಯೋಗಿಯವರ ಒಂದು ಹಾಡನ್ನೂ ತಪ್ಪಿಸಿಕೊಳ್ಳದವನು ಅವರ ಬದುಕನ್ನು ಓದಿ ತಿಳಿಯಬೇಕೇ? ಭಾಷಣಕ್ಕೆ ಬೆನ್ನುಪುಟದ ನಾಲ್ಕು ಸಾಲು ಸಾಕಾಗಿತ್ತು.

“ಏನೇ ಅದು ನಗು?”

“ರೀ, ಭಾಷಣದಲ್ಲಿ ಆ ಕಣ್ಣಿನ ಮಾತು ಬರುತ್ತಲ್ಲ, ಇನ್ನೊಂದ್ಸಲ ಹೇಳಿ.”

ಬೀರಪ್ಪ ಗಂಟಲು ಸರಿಮಾಡಿಕೊಂಡ. “ಶಿವಯೋಗಿಯವರು ಕಣ್ಣು ಮುಚ್ಚಿ ಹಾಡುತ್ತಾರೆ. ಆಗ ಅವರಿಗೆ ಸಾಕ್ಷಾತ್ ಶಾರದೆ ಕಾಣಿಸುತ್ತಾಳೆ.”

“ಶಾರದೆ ಅಲ್ಲ ಮಾರಾಯ್ರೆ. ಕಾಣಿಸ್ತಿದ್ದಿದ್ದು ನೀವು. ಅದಕ್ಕೇ ಮುಚ್ಕೊಂಡಿದ್ದು!”

ಅವಳು ಓದಿದಳು: “ಎಲ್ಲಿ ಹಾಡಿದರೂ ಮುಂದಿನ ಸಾಲಿನಲ್ಲಿ ಕಂದು ಸಫಾರಿಯ ಒಬ್ಬರು ಕೂತು ಚಪ್ಪಾಳೆಯಲ್ಲಿ ತಾಳ ಹಾಕುತ್ತಾರೆ. ಒಂದು ಏಟೂ ತಾಳಕ್ಕೆ ಬೀಳುವುದಿಲ್ಲ. ಆ ಕೈ ನೋಡಿದರೆ ನನ್ನ ಲಯವೂ ಹೋಗುತ್ತದೆಂದು ಕಣ್ಣು ಮುಚ್ಚಿ ಹಾಡಲು ಕಲಿತೆ. ಜನ ಅದನ್ನು ಭಕ್ತಿ ಎಂದರು. ನಾನೂ ಅಲ್ಲವೆನ್ನಲಿಲ್ಲ.”

ಬೀರಪ್ಪ ತನ್ನ ಅಂಗಿಯನ್ನು ನೋಡಿಕೊಂಡ. ಅದೇ ಕಂದು ಸಫಾರಿ, ಗರಿಗರಿ ಇಸ್ತ್ರಿ. ಭದ್ರಾವತಿಯ ಕಾರ್ಖಾನೆಯಲ್ಲಿ ಸುತ್ತಿಗೆ ಸದ್ದಿಗೆ ಕಿವಿ ಮಂದವಾಗಿತ್ತು, ಅದಕ್ಕೇ ಮುಂದಿನ ಸಾಲು. ಪಕ್ಕದವರೆಲ್ಲ ತನ್ನ ಕೈಯನ್ನೇ ನೋಡುವುದು ಮೆಚ್ಚಿಕೊಂಡು ಎಂದು ಇಷ್ಟು ವರ್ಷ ಬೀಗಿದ್ದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ಬೀರಪ್ಪನದು ಚಪ್ಪಾಳೆಗೇ ಹೋಗಿತ್ತು. ಅವನಿಗೆ ನಾಚಿಕೆಯಾಯಿತು, ನಾಚಿಕೆಗಿಂತ ದುಃಖವೇ ಹೆಚ್ಚಾಯಿತು.

“ಇಲ್ಲೇ ಇಳಿದು ವಾಪಸ್ ಹೋಗೋಣ ಕಣೇ.”

“ಇಸ್ತ್ರಿ ಮಾಡಿದ್ದು ನಾನು. ಸುಮ್ನೆ ಕೂತ್ಕೊಳ್ಳಿ. ಬೈದಾದ್ರೂ ಬರೆದಿದಾರಲ್ಲ, ನನ್ನ ಬಗ್ಗೆ ಯಾರು ಏನು ಬರೆದಿದಾರೆ?”

ವಿನೋಬನಗರದ ಆ ಸಣ್ಣ ಸಭಾಂಗಣದಲ್ಲಿ ಹಿಂದೆ ಕೂತರೆ ಕೇಳಿಸದು, ಮುಂದೆ ಕೂತರೆ ಮುಖವಿಲ್ಲ. ಕೊನೆಗೆ ಮುಂದೆಯೇ ಕೂತ. ಹೆಸರು ಕರೆದಾಗ ಭಾಷಣದ ಹಾಳೆಯನ್ನು ಜೇಬಿನಲ್ಲೇ ಬಿಟ್ಟು ಮೈಕಿನ ಮುಂದೆ ನಿಂತ. “ಪುಸ್ತಕದಲ್ಲಿ ಬರೆದಿರೋದೆಲ್ಲ ನಿಜ. ಅದಕ್ಕೆ ನಾನೇ ಸಾಕ್ಷಿ,” ಎಂದವನೇ ಇಳಿದು ಬಂದ. ಹಾಲಮ್ಮ ಒಬ್ಬಳೇ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಕೊನೆಯಲ್ಲಿ ಶಿವಯೋಗಿಯವರು ಹಾಡಲು ಕೂತರು. ಬೀರಪ್ಪ ಎರಡೂ ಕೈಗಳನ್ನು ತೊಡೆಯಡಿ ತುರುಕಿಕೊಂಡ. ಹಾಡಿನ ಎರಡನೆಯ ಸಾಲಿಗೆ ಶಿವಯೋಗಿಯವರು ಒಂದು ಕಣ್ಣು ತೆರೆದರು. ಸಫಾರಿ ಇದೆ, ಕೈ ಇಲ್ಲ. ಧೈರ್ಯ ಬಂದು ಇನ್ನೊಂದನ್ನೂ ತೆರೆದು ಸಭೆಯತ್ತ ನೋಡಿದರು. ನೋಡುತ್ತಿದ್ದಂತೆ ದನಿ ಇಳಿಯಿತು. ತಾವೇ ಬರೆದ ಸಾಲು ಮರೆತು ಮೊದಲ ಸಾಲಿಗೇ ಮರಳಿದರು.

ಏನಾಯಿತೆಂದು ಬೀರಪ್ಪ ತಿರುಗಿ ನೋಡಿದ. ಇಷ್ಟು ವರ್ಷಗಳಲ್ಲಿ ಅವನು ಹಿಂದಕ್ಕೆ ನೋಡಿದ್ದು ಅದೇ ಮೊದಲು. ಅರ್ಧ ಕುರ್ಚಿಗಳು ಖಾಲಿ. ಇದ್ದವರು ಮೊಬೈಲ್ ಉಜ್ಜುತ್ತಿದ್ದರು. ಒಬ್ಬರು ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದರು. ಬಾಗಿಲ ಬಳಿ ನಿಂತವರ ಗಮನವೆಲ್ಲ ಹೊರಗಿನ ಉಪ್ಪಿಟ್ಟಿನ ಕಡೆಗಿತ್ತು.

ಹಾಲಮ್ಮ ಮೊಣಕೈಯಿಂದ ತಿವಿದಳು. “ಹೊಡೀರಿ.”

“ತಾಳ ತಪ್ಪುತ್ತಲ್ಲೇ.”

“ತಪ್ಲಿ ಬಿಡಿ.”

ಬೀರಪ್ಪ ಕೈ ಹೊರಗೆಳೆದು ಹೊಡೆದ. ಮೊದಲ ಏಟೇ ತಪ್ಪಿತು. ಶಿವಯೋಗಿಯವರು ಅವನನ್ನು ಒಮ್ಮೆ ನೋಡಿ, ನೆಮ್ಮದಿಯಿಂದ ಕಣ್ಣು ಮುಚ್ಚಿಕೊಂಡರು.