ಬಾಕಿ ದೂರು: ಸೊನ್ನೆ

ಆ ಹೆಂಗಸನ್ನು ತನಿಖಾಧಿಕಾರಿಯ ಕಣ್ಣಿಗೆ ಬೀಳದಂತೆ ಹೊರಗೆ ಸಾಗಹಾಕಬೇಕು. ದೂರು ಅಧಿಕಾರಿಯ ತಲೆಯಲ್ಲಿದ್ದದ್ದು ಅದೊಂದೇ.

ಅವನ ಕಚೇರಿ ವೆಬ್‌ಸೈಟುಗಳ ಹೆಸರು ಮಾರುತ್ತಿತ್ತು. ಕೊಂಡವರು ವರ್ಷಕ್ಕೊಮ್ಮೆ ನವೀಕರಿಸಬೇಕು. ಮರೆತರೆ ಹೆಸರು ಮತ್ತೆ ಮಾರಾಟಕ್ಕೆ. ಮರೆತವರು ಬಾಯಿ ಬಡಿದುಕೊಳ್ಳುವುದನ್ನು ಕೇಳುವುದೇ ಇವನ ಹುದ್ದೆ. ಮೂರು ವರ್ಷದಿಂದ ತಾತ್ಕಾಲಿಕ. ಗ್ರಾಹಕ ಮಂಡಳಿಯಿಂದ ತನಿಖೆಗೆ ಬಂದ ಮೇಡಂ ಇವತ್ತು ಒಳ್ಳೆಯ ವರದಿ ಬರೆದರೆ ಖಾಯಂ.

ಹೆಂಗಸು ಕೊರಳಲ್ಲಿದ್ದ ಅಳತೆ ಟೇಪನ್ನೂ ತೆಗೆಯದೆ ಬಂದಿದ್ದಳು. ಕಂಕುಳಲ್ಲಿ ದಪ್ಪ ಫೈಲು.

"ಅವಧಿ ಮುಗಿದ ಹೆಸರಿನ ವಿಷಯ ಸರ್."

"ಗೊತ್ತಾಯ್ತು ಬಿಡಿ ಅಕ್ಕಾ. ದೂರಿಗೆ ಅಂತಲೇ ಬೇರೆ ವೆಬ್‌ಸೈಟ್ ಇದೆ. ವಿಳಾಸ ಹೊರಗೆ ಬೋರ್ಡ್ ಮೇಲಿದೆ. ಅಲ್ಲಿಗೆ ಬರೀರಿ."

"ನೋಡಿದೆ. ಅದಕ್ಕೇ ಖುದ್ದಾಗಿ ಬಂದೆ."

ಅವಳನ್ನು ಮೂಲೆಯ ಬೆಂಚಿಗೆ ತಳ್ಳಿ ಒಳಗೆ ಓಡಿದ. ಮೇಡಂ ಆಗಲೇ ದೂರಿನ ಪುಸ್ತಕ ತಿರುವುತ್ತಿದ್ದಳು. ಬಾಕಿ: ಸೊನ್ನೆ. ನಾಲ್ಕು ತಿಂಗಳಿಂದಲೂ ಸೊನ್ನೆ. ದುಂಡಗೆ, ಮುದ್ದಾಗಿ ಬರೆದ ಸೊನ್ನೆಗಳು. ಅವನ್ನು ಬರೆಯಲು ದೂರಿನ ಇಮೇಲ್ ಪೆಟ್ಟಿಗೆ ತೆರೆಯುವ ಅಗತ್ಯವೇನೂ ಇರಲಿಲ್ಲ.

"ನಾನು ನಂಬ್ತಿರಲಿಲ್ಲ," ಎಂದಳು ಮೇಡಂ. "ಆದ್ರೆ ಜನ ನಿಮ್ಮ ಉತ್ತರಗಳನ್ನ ನಮಗೆ ಕಳಿಸಿ ಹೊಗಳಿದ್ದಾರೆ. ಇದು ನೋಡಿ: 'ಗಾಬರಿ ಬೇಡ ಕಣಮ್ಮಾ. ಬಿಚ್ಚಿ ಮತ್ತೆ ಹಾಕಿಸ್ತೀನಿ. ಗುರುವಾರ ಸಿಗುತ್ತೆ.' ಸಿಕ್ಕಿದೆ ಕೂಡ! ಕಚೇರಿಯಲ್ಲಿ ಕೂತು ಯಾರ್ರೀ ಹೀಗೆ ಬರೀತಾರೆ?"

ಅದು ಯಾರು ಬರೆದದ್ದೋ ಅವನಿಗೆ ಗೊತ್ತಿರಲಿಲ್ಲ. ಆದರೆ ಹುಡುಕಿಕೊಂಡು ಬಂದ ಹೊಗಳಿಕೆಯ ವಿಳಾಸ ವಿಚಾರಿಸುವಷ್ಟು ದಡ್ಡನೂ ಅಲ್ಲ.

"ಏನೋ ಮೇಡಂ, ನನ್ನ ಶೈಲಿ," ಎಂದ.

ಬಾಗಿಲಲ್ಲಿ ಯಾರೋ ಕೆಮ್ಮಿದರು. ಟೇಪಿನ ಹೆಂಗಸು.

"ಯಾರು ಅವರು?"

"ನವೀಕರಣ ಮರೆತವರು ಮೇಡಂ. ದಿನಾ ಒಬ್ಬರು ಇದ್ದೇ ಇರ್ತಾರೆ."

"ಕರೀರಿ. ನಿಮ್ಮ ಶೈಲಿ ಕಣ್ಣಾರೆ ನೋಡೋಣ."

ಹೆಂಗಸು ಕುಳಿತಳು. ಫೈಲನ್ನು ಮಡಿಲಲ್ಲಿಟ್ಟುಕೊಂಡಳು.

"ಹೆಸರು ಹೋಗೋ ಮೊದಲು ನೀವು ನೆನಪಿಸ್ತೀರಲ್ವಾ ಸರ್?"

"ಮೂರು ಸಲ! ನಮ್ಮ ಕಂಪ್ಯೂಟರ್ ತಪ್ಪದೆ ಇಮೇಲ್ ಕಳಿಸುತ್ತೆ. ತೆರೆದು ನೋಡದವರದೇ ತಪ್ಪು."

"ಬೇರೆಯವರು ಕೊಂಡುಬಿಟ್ರೆ?"

"ಕೊಂಡವರದ್ದು. ಅತ್ತರೂ ಇಲ್ಲ, ಕರೆದರೂ ಇಲ್ಲ."

"ಕೊಂಡವರನ್ನ ಕಳ್ಳರು ಅಂದ್ರೆ?"

"ಹಾಗೆ ಅಂದವರ ಮೇಲೇ ಕೇಸ್ ಹಾಕಬಹುದು. ರಸೀದಿ ಇದ್ರೆ ಮುಗೀತು."

"ಕಳಕೊಂಡವರು ಎಂಥ ದೊಡ್ಡವರಾದ್ರೂ?"

"ನಮ್ಮಪ್ಪನೇ ಆದ್ರೂ!" ಮೇಜು ಕುಟ್ಟಿದ. "ಬರ್ಕೊಳ್ಳಿ ಮೇಡಂ."

ಮೇಡಂ ಒಂದಕ್ಷರ ಬಿಡದೆ ಬರೆದುಕೊಂಡು, ಅವನ ಸಹಿಯನ್ನೂ ಹಾಕಿಸಿಕೊಂಡಳು.

ಹೆಂಗಸಿನ ಮುಖ ಅರಳಿತು. ಫೈಲಿನಿಂದ ಒಂದು ರಸೀದಿ ತೆಗೆದು ಮೇಜಿನ ಮೇಲಿಟ್ಟಳು. ಮೇಲೆ ಇದೇ ಕಚೇರಿಯ ಮೊಹರು.

"ಸದ್ಯ, ಹೆದರಿಕೊಂಡೇ ಬಂದಿದ್ದೆ ಸರ್! ನಾಲ್ಕು ತಿಂಗಳ ಹಿಂದೆ ನಿಮಗೊಂದು ದೂರು ಬರೆದೆ, ವಾಪಸ್ ಬಂತು; ನೋಡಿದ್ರೆ ನಿಮ್ಮ ದೂರಿನ ವೆಬ್‌ಸೈಟಿನ ಹೆಸರೇ ನಿಮ್ಮ ಅಂಗಡೀಲಿ ಮಾರಾಟಕ್ಕಿತ್ತು, ನಾನೇ ಕೊಂಡ್ಕೊಂಡೆ. ಅವತ್ತಿಂದ ಬಂದ ಮುನ್ನೂರ ಹನ್ನೆರಡು ದೂರಿಗೂ ಹೊಲಿಗೆ ಮಧ್ಯೆ ನಾನೇ ಉತ್ತರ ಬರೆದಿದ್ದೀನಿ. ಆ ವಿಳಾಸದಿಂದ ಬರೆದ್ರೆ ನಿಮ್ಮ ಮೇಲಿನ ಮಹಡಿಯ ಕಂಪ್ಯೂಟರಿನವರು, ಪಾಪ, ನೀವೇ ಹೇಳ್ತಿರೋದು ಅಂತ ಎಲ್ಲಾ ಸರಿಮಾಡಿ ಕೊಡ್ತಾರೆ. ಈಗ ಶಾಲೆ ಯೂನಿಫಾರ್ಮ್ ಕೆಲಸ ಜಾಸ್ತಿ, ಒಬ್ಬಳಿಗೇ ಆಗ್ತಿಲ್ಲ. ನಿಮಗೆ ಹೇಗೂ ಬಿಡುವಿದೆಯಲ್ಲ, ನನ್ನ ಹತ್ರ ಕೆಲಸಕ್ಕೆ ಬರ್ತೀರಾ?"